ಬುಕ್ಕಾದ ಕ್ಯಾರೆಟ್

ಎರಡು ವರ್ಷದ ಮಗುವಿನ ಬಾಯಿ ತೆರೆಸುವುದಕ್ಕಿಂತ ತುಕ್ಕು ಹಿಡಿದ ಬೀಗ ತೆರೆಸುವುದು ಸುಲಭ ಎಂಬುದು ಸೋಫಾರಾಯರಿಗೆ ಖಾತ್ರಿಯಾಗಿ ಬಹಳ ದಿನವಾಗಿತ್ತು. ಬೀಗಕ್ಕಾದರೆ ಎಣ್ಣೆ ಬಿಡಬಹುದು. ಈ ಬಾಯಿಗೆ ಇದ್ದದ್ದು ಒಂದೇ ಒಂದು ಕೀಲಿ, ಅದು ಪೊಟ್ಟಣದ ಕ್ರೀಂ ಬಿಸ್ಕತ್ತು. ಅದನ್ನು ಹೆಂಡತಿ ನಿಷೇಧಿಸಿಬಿಟ್ಟಿದ್ದಳು.

ಸೋಫಾರಾಯರು ಎಂಬುದು ಅವರ ತಂದೆತಾಯಿ ಇಟ್ಟ ಹೆಸರಲ್ಲ. ಪೀಠೋಪಕರಣದ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತುಕೊಂಡು, ಕೂರುವ ಸುಖವನ್ನು ಗಿರಾಕಿಗಳಿಗೆ ವರ್ಣಿಸುವುದು ಅವರ ಉದ್ಯೋಗ. (ಸೋಫಾ ಮಾರುವವನು ಸೋಫಾದ ಮೇಲೆ ಕೂರಕೂಡದು ಎಂಬುದು ಅಲ್ಲಿನ ಮೊದಲ ಕಾನೂನು.) ಜೊತೆಯವರು ಇಟ್ಟ ಅಡ್ಡಹೆಸರು ಮನೆಯ ತನಕ ಹಿಂಬಾಲಿಸಿ ಬಂದಿತ್ತು. ಮಗಳ ಹೆಸರಿನ ಕಥೆಯೂ ಅಂಥದೇ. ಕಡ್ಡಿಯಂತೆ ಹುಟ್ಟಿದ ಮೊಮ್ಮಗಳನ್ನು ಅಜ್ಜಿ 'ಗುಂಡಮ್ಮ' ಎಂದು ಕರೆದಿದ್ದರು, ಹೆಸರಿನ ಬಲದಿಂದಲಾದರೂ ದುಂಡಗಾಗಲಿ ಎಂದು. ಹೆಸರು ದುಂಡಗೆ ಉಳಿಯಿತು, ಮಗು ಕಡ್ಡಿಯಾಗಿಯೇ ಉಳಿಯಿತು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಗು ಹುಟ್ಟಿದ ಮೇಲೆ ಬಿಟ್ಟಿದ್ದ ಕೆಲಸಕ್ಕೆ ಈಚೆಗಷ್ಟೇ ಮರಳಿದ್ದಳು. ರಾಯರದು ಬೆಳಗಿನ ಪಾಳಿ, ಅವಳದು ಮಧ್ಯಾಹ್ನದ್ದು. ಇವರು ಚಪ್ಪಲಿ ಬಿಡುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಗುಂಡಮ್ಮ ಬಾಗಿಲಲ್ಲೇ ಕೈಯಿಂದ ಕೈಗೆ ದಾಟುತ್ತಿದ್ದಳು, ಜೊತೆಗೆ ಒಂದು ಆಜ್ಞೆಯೂ ದಾಟುತ್ತಿತ್ತು: ಸಂಜೆಯ ತಿಂಡಿ ಬೇಗ ಆಗಬೇಕು, ಮೈಗೆ ಹಿಡಿಯಬೇಕು, ದುಬಾರಿ ಆಗಬಾರದು. ಅಂಗಡಿಗೆ ಬರುವ ಗಿರಾಕಿಗಳ ಹಾಡೂ ಇದೇ ಆಗಿತ್ತು. ಸೋಫಾ ಗಟ್ಟಿ ಇರಬೇಕು, ಅಗ್ಗ ಇರಬೇಕು, ನಾಳೆಯೇ ಮನೆಗೆ ಬರಬೇಕು. ಮೂರರಲ್ಲಿ ಯಾವುದಾದರೂ ಎರಡು ಕೇಳಿ ಸ್ವಾಮಿ ಎಂದು ರಾಯರು ಅವರನ್ನು ನಗಿಸುತ್ತಿದ್ದರು. ಹೆಂಡತಿಯ ಮುಂದೆ ಆ ಜೋಕು ಹೊರಬರಲಿಲ್ಲ.

ಮೊದಲು ಬೇಯಿಸಿದ ಗೆಣಸು ಬಡಿಸಲಾಯಿತು. ಅದು ಗೋಡೆಗೆ ಹೋಯಿತು. ಮೊಟ್ಟೆ ಬೇಯಿಸಿ ಹೆಚ್ಚಿ ಕೊಟ್ಟರೆ ಬಿಳಿಯನ್ನು ಚೆಲ್ಲಿ, ಹಳದಿಯನ್ನು ಅಪ್ಪನ ಚಪ್ಪಲಿಯೊಳಗೆ ಜೋಪಾನವಾಗಿ ಬಚ್ಚಿಟ್ಟಳು. ಬಾಳೆಹಣ್ಣನ್ನು ಮೊಸರಿನಲ್ಲಿ ಕಿವುಚಿ ಇಟ್ಟ ದಿನ ಅದನ್ನು ತಲೆಗೆ ಹಚ್ಚಿಕೊಂಡಳು. (ಕೂದಲು ಹೊಳೆಯಿತು, ಸುಳ್ಳು ಹೇಳಬಾರದು.) ಚಮಚೆಯನ್ನು ವಿಮಾನ ಮಾಡಿ, ರೈಲು ಮಾಡಿ, ಕೊನೆಗೆ ರಾಯರೇ ಕುದುರೆಯಾಗಿ ಕೋಣೆಯೆಲ್ಲ ಸುತ್ತಿ ಬಂದರೂ ಉತ್ತರ ಒಂದೇ: "ಬ್ಯಾಡ." ಬೆಳಗಿನಿಂದ ನಿಂತ ಕಾಲು, ಸಂಜೆ ಊರಿದ ಮಂಡಿ, ಎರಡೂ ಸೋತ ಮೇಲೆ ಬಿಸ್ಕತ್ತಿನ ಪೊಟ್ಟಣ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು.

ಊರವರ ಕಣ್ಣು ನೋಡುವವಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಒಂದು ದಿನ ಮಗುವಿನ ಅಂಗಿಯ ಮಡಿಕೆಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು. ಅವಳು ಬೈದಿದ್ದರೆ ರಾಯರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಪುಡಿಯನ್ನು ಅಂಗೈಗೆ ಕೊಡವಿಕೊಂಡು ಅವರ ಮುಂದೆ ಹಿಡಿದಳು.

"ಇದು ಹೀಗೇ ಆದ್ರೆ ನಾನು ಕೆಲಸ ಬಿಡ್ತೀನಿ ರೀ. ಮಗು ಬಿಸ್ಕತ್ತಲ್ಲೇ ಬೆಳೆಯೋದು ಬೇಡ."

ರಾಯರಿಗೆ ಚುರುಕ್ಕೆಂದಿತು. ಕೆಲಸಕ್ಕೆ ಮರಳಿದ ಮೇಲೆ ಅವಳು ಮೆಟ್ಟಿಲು ಹತ್ತುವಾಗ ಏನನ್ನೋ ಗುನುಗುತ್ತ ಬರುತ್ತಿದ್ದಳು. ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಅವಳನ್ನೇ ಏಮಾರಿಸಲು ನೋಡಿದ ಮುದುಕರ ಕಥೆ ಹೇಳಿ ತಾನೇ ನಗುತ್ತಿದ್ದಳು. ಅವಳ ಸಂಬಳವೂ ಬೇಕಿತ್ತು, ನಿಜ. ಆದರೆ ಮೆಟ್ಟಿಲ ಮೇಲಿನ ಆ ಗುನುಗು ನಿಂತುಹೋಗುವುದು ಅವರಿಗೆ ಸುತರಾಂ ಬೇಡವಾಗಿತ್ತು.

ಮಾರನೆಯ ದಿನ ಅಂಗಡಿಯಲ್ಲಿ ಜ್ಞಾನೋದಯವಾಯಿತು. ಅಲ್ಲಿ ಹಾಗಲಕಾಯಿ ಬಣ್ಣದ ಒಂದು ಸೋಫಾ ಇತ್ತು. ಅದನ್ನು ಕಂಡ ಗಿರಾಕಿಗಳು ಹಾಗಲಕಾಯಿ ತಿಂದವರಂತೆಯೇ ಮುಖ ಮಾಡಿ ಮುಂದೆ ಹೋಗುತ್ತಿದ್ದರು. ಮಾಲೀಕರು ಬೇಸತ್ತು, ಒಂದು ರಟ್ಟಿನ ಮೇಲೆ 'ಬುಕ್ ಆಗಿದೆ' ಎಂದು ಬರೆದು ಅದಕ್ಕೆ ತೂಗುಹಾಕಿದರು. ಆಮೇಲೆ ಬಂದ ದಂಪತಿಗಳು ಇಡೀ ಅಂಗಡಿ ಬಿಟ್ಟು ಅದರ ಮುಂದೆಯೇ ನಿಂತರು. ಅದು ಬೇರೆಯವರಿಗಾಗಿದೆ ಎಂದಷ್ಟೂ ಅವರಿಗೆ ಅದೇ ಬೇಕೆನಿಸಿತು. ರಾಯರ ಪಾಳಿ ಮುಗಿಯುವುದರೊಳಗೆ ಹಾಗಲಕಾಯಿ ಗಾಡಿ ಹತ್ತಿತು.

ರಾಯರು ಮನೆಗೆ ಬಂದವರೇ ಕ್ಯಾರೆಟ್ಟನ್ನು ಉದ್ದುದ್ದ ಹೆಚ್ಚಿ ಮೆತ್ತಗೆ ಬೇಯಿಸಿದರು. ಅಗ್ಗದ ತರಕಾರಿ, ಚಿಟಿಕೆ ಹೊಡೆಯುವುದರಲ್ಲಿ ಆಗುವ ಕೆಲಸ. ಮಗುವನ್ನು ಕರೆಯಲಿಲ್ಲ. ತಮ್ಮ ತಟ್ಟೆಗೇ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತು, ಅಮೃತ ಕುಡಿಯುವವರಂತೆ ಚಪ್ಪರಿಸತೊಡಗಿದರು. ಬೆನ್ನ ಹಿಂದೆ ಪುಟ್ಟ ಹೆಜ್ಜೆಗಳ ಸದ್ದಾಯಿತು. ಒಂದು ಮೂಗು ಅವರ ತೋಳಿಗೆ ತಾಗಿತು.

"ಇದು ಬುಕ್ಕಾಗಿದೆ. ನಿಂಗಲ್ಲ," ಎಂದರು ರಾಯರು ತಟ್ಟೆಯನ್ನು ಆಚೆ ಸರಿಸುತ್ತ.

ಗುಂಡಮ್ಮ ಅಪ್ಪನ ಮುಖ ನೋಡಿದಳು, ತಟ್ಟೆ ನೋಡಿದಳು. ಆಮೇಲೆ ಎರಡೂ ಕೈ ಹಾಕಿದಳು. ತಟ್ಟೆ ಬರಿದಾಯಿತು.

ಅಂದಿನಿಂದ ಮನೆಯಲ್ಲಿ ಎಲ್ಲವೂ ಬುಕ್ಕಾಗತೊಡಗಿತು. ಗೆಣಸು ಬುಕ್ಕಾಯಿತು, ಮೊಟ್ಟೆ ಬುಕ್ಕಾಯಿತು, ಮೊಸರೂ ಬುಕ್ಕಾಯಿತು. ಮಗುವಿನ ಕೆನ್ನೆಗೆ ಕಳೆ ಬಂತು. ಹೇಗೆ ತಿನ್ನಿಸ್ತೀರಿ ಎಂದು ಹೆಂಡತಿ ಕೇಳಿದಾಗ ರಾಯರು, ಎಲ್ಲಾ ತಾಳ್ಮೆ ಕಣೇ ಎಂದು ಗಂಭೀರವಾಗಿ ಹೇಳಿ ಹೆಸರು ತೆಗೆದುಕೊಂಡರು. ಬೆಲೆ ತೆತ್ತದ್ದು ಅವರ ನಾಲಿಗೆ. ಹುಟ್ಟಿದಾಗಿನಿಂದ ಕ್ಯಾರೆಟ್ಟನ್ನು ಕಂಡರಾಗದ ಮನುಷ್ಯ ಅವರು. ಈಗ ಪ್ರತಿ ಸಂಜೆ ಅದನ್ನು ಮಗುವಿನ ಮುಂದೆ ಆನಂದಬಾಷ್ಪ ಸುರಿಸುತ್ತ ತಿನ್ನಬೇಕಿತ್ತು. ಟೀಯ ಜೊತೆ ಕುರುಕುತ್ತಿದ್ದ ಆಲೂಗಡ್ಡೆ ಚಿಪ್ಸನ್ನು ಎದುರಿಗೆ ತಿನ್ನುವಂತಿರಲಿಲ್ಲ, ಅಪ್ಪನ ತಟ್ಟೆಯಲ್ಲಿದ್ದುದೆಲ್ಲ ಅವಳಿಗೆ ಬೇಕು. ಪೊಟ್ಟಣ ಹೊದಿಕೆಗಳ ಹಿಂದೆ ಭೂಗತವಾಯಿತು. ರಾಯರು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಚ್ಚಲುಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಕುರುಕುತ್ತಿದ್ದರು. ಸ್ವಂತ ಸಂಬಳದಲ್ಲಿ ಕೊಂಡದ್ದನ್ನು ಕಳ್ಳನಂತೆ ತಿನ್ನುವ ಈ ಬಾಳೂ ಒಂದು ಬಾಳೇ ಎಂದು ಬಕೆಟ್ಟಿನ ಮುಂದೆ ನಿಂತು ಅನೇಕ ಸಲ ನಿಟ್ಟುಸಿರು ಬಿಟ್ಟದ್ದುಂಟು.

ಹೆಂಡತಿಗೆ ರಜೆಯಿದ್ದ ಒಂದು ದಿನ ಗುಂಡಮ್ಮ ಅಮ್ಮನ ಬಟ್ಟೆ ಜಗ್ಗಿ, "ಬುಕ್ಕು ಬೇಕು," ಎಂದಳು.

ತಾಯಿಯ ಕಣ್ಣು ತುಂಬಿ ಬಂತು. ಹಾಲುಹಲ್ಲಿನ ಮಗು ಪುಸ್ತಕ ಕೇಳುತ್ತಿದೆ! ಕೂಡಲೇ ಅಜ್ಜಿಗೆ ಫೋನ್ ಹೋಯಿತು. ನಮ್ಮ ಕಡೆಯವರೆಲ್ಲ ಓದಿನಲ್ಲಿ ಮುಂದು ಎಂದು ಅಜ್ಜಿ ಅಳಿಯನ ಕಡೆಯವರನ್ನು ನಾಜೂಕಾಗಿ ಪಕ್ಕಕ್ಕೆ ಸರಿಸಿದರು. ಬೀದಿಯ ಕೊನೆಯ ಅಂಗಡಿಯಿಂದ ಚಿತ್ರದ ಪುಸ್ತಕ ಬಂತು. ಗುಂಡಮ್ಮ ಅದರಲ್ಲಿನ ಆನೆಯ ಕಿವಿಯನ್ನು ಕಚ್ಚಿ, ಅಗಿದು, ಉಗಿದು, ಮತ್ತೆ ಬುಕ್ಕು ಬುಕ್ಕು ಎಂದು ರಂಪ ತೆಗೆದಳು.

"ರೀ, ಇದೇನಿದು, ಇವಳು ಪುಸ್ತಕ ತಿಂತಿದ್ದಾಳೆ?"

"ಜ್ಞಾನದ ಹಸಿವು ಕಣೇ," ಎಂದು ರಾಯರು ಅಲ್ಲಿಂದ ಜಾರಿ ಬಚ್ಚಲುಮನೆ ಸೇರಿದರು.

ನಲ್ಲಿ ಬಿಟ್ಟರು. ಬಾಯಿ ತುಂಬ ಚಿಪ್ಸ್ ತುಂಬಿದರು. ಆ ಗಳಿಗೆಗೆ ಸರಿಯಾಗಿ ಮೇಲಿನ ಟ್ಯಾಂಕಿನ ನೀರು ಖಾಲಿಯಾಗಿ ನಲ್ಲಿ ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ 'ಕುರುಂ' ಎಂಬ ಸದ್ದು ಮನೆಯೆಲ್ಲ ಕೇಳಿಸಿತು. ಬಾಗಿಲಿನ ಕೆಳಸಂದಿಯಲ್ಲಿ ಪುಟ್ಟ ಬೆರಳುಗಳು ಕಾಣಿಸಿಕೊಂಡವು.

"ಅಪ್ಪಾ, ಮಮ್ಮು?"

ಏನೂ ಇಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಎಷ್ಟೋ ದಿನಗಳ ಅಭ್ಯಾಸ, ನಾಲಿಗೆ ತಾನಾಗಿಯೇ ಹೊರಳಿತು.

"ಬುಕ್ಕಾಗಿದೆ. ನಿಂಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲ ಮೇಲೆ ಎರಡು ಪುಟ್ಟ ಮುಷ್ಟಿಗಳು ಬಡಿಯತೊಡಗಿದವು. ಅವುಗಳ ಹಿಂದೆಯೇ, ಬಾಗಿಲು ತೆಗೀರಿ ಎಂಬ ತಣ್ಣನೆಯ ದನಿ ಬಂತು.

ಹೆಂಡತಿ ಪೊಟ್ಟಣ ನೋಡಿದಳು. ಮೀಸೆಯ ಮೇಲಿನ ಉಪ್ಪಿನ ಪುಡಿ ನೋಡಿದಳು. ರಾಯರು ಹಾಗಲಕಾಯಿ ಸೋಫಾದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದರು.

"ಹಾಗಾದ್ರೆ ಬುಕ್ಕು ಅಂದ್ರೆ ಕ್ಯಾರೆಟ್ಟಾ?"

"ಹೆಚ್ಚುಕಮ್ಮಿ ಕ್ಯಾರೆಟ್ಟೇ. ಮೊಟ್ಟೆಗೂ ಅನ್ವಯಿಸುತ್ತೆ."

ಅವಳು ನಗಲಿಲ್ಲ, ತುಟಿ ಮಾತ್ರ ಬಹಳ ಕಷ್ಟಪಟ್ಟಿತು. ಚಿಪ್ಸನ್ನು ಬೀರುವಿನ ಒಳಗಿಟ್ಟು ಬೀಗ ಹಾಕಿದಳು. ಕ್ಯಾರೆಟ್ ಬೇಯಿಸಿ ತಟ್ಟೆಗೆ ಹಾಕಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಡನಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದಳು. ತಾಯಿ ಮಗಳು ಚಪ್ಪರಿಸುವ ಸದ್ದು ಬಂತು.

"ಕೆಲಸ ಬಿಡೋ ಮಾತು ಬಿಟ್ಟೆ ರೀ," ಎಂದಳು ಅವಳು ತಿರುಗದೆಯೇ. "ನೀವು ಏನು ತಿಂತೀರಿ ಅಂತ ನೋಡ್ಕೊಳ್ಳೋಕೆ ಮನೇಲಿ ಇವಳಿದ್ದಾಳಲ್ಲ."

ರಾಯರಿಗೆ ಎದೆಯ ಮೇಲಿನ ಭಾರ ಇಳಿಯಿತು. ಆದರೆ ಇನ್ನೊಂದು ವಿಚಿತ್ರವೂ ಆಯಿತು. ಆ ಎರಡು ಬೆನ್ನುಗಳನ್ನು ನೋಡುತ್ತ ನಿಂತಂತೆ, ಆಚೆಗಿದ್ದ ತಟ್ಟೆಯ ಮೇಲೆ ಅವರಿಗೆ ಆಸೆ ಹುಟ್ಟಿ ಬಾಯಲ್ಲಿ ನೀರೂರಿತು. ಇಷ್ಟು ದಿನ ಮಗಳ ಮೇಲೆ ಪ್ರಯೋಗಿಸಿದ ವಿದ್ಯೆ ತಮ್ಮ ಮೇಲೇ ತಿರುಗಿದೆ ಎಂದು ಗೊತ್ತಿದ್ದೂ ಅವರು ಮಂಡಿಯೂರಿ ಹತ್ತಿರ ಸರಿದರು.

"ನಂಗೊಂದು ಕೊಡೇ ಗುಂಡಮ್ಮ."

ಗುಂಡಮ್ಮ ಹಿಂತಿರುಗಿ, ಮಾಲೀಕರು ಚೌಕಾಸಿ ಮಾಡುವ ಗಿರಾಕಿಯನ್ನು ನೋಡುವಂತೆ ಅವರನ್ನು ನೋಡಿದಳು. "ಬುಕ್ಕಾದೆ," ಎಂದಳು. ರಾಯರು ಕೈ ಹಿಂದೆಗೆಯಲಿಲ್ಲ. ಅವಳು ಸ್ವಲ್ಪ ಯೋಚಿಸಿ, ತನ್ನ ಬಾಯಲ್ಲಿದ್ದ ತುಂಡನ್ನು ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು.

ಪೀಠೋಪಕರಣದ ವ್ಯಾಪಾರದಲ್ಲಿ ಇದಕ್ಕೆ ಸೆಕೆಂಡ್ ಹ್ಯಾಂಡ್ ಎನ್ನುತ್ತಾರೆ. ರಾಯರು ಅದನ್ನು ಚಪ್ಪರಿಸಿ ತಿಂದರು.