ಪಂಕಜಾಕ್ಷಿದೇವಿಯ ಹೊಸ್ತಿಲ ಸಮರ

ಅಡುಗೆಮನೆಯ ಅಧಿದೇವತೆಗಳೇ, ಒಲೆಯ ಮೇಲಿಟ್ಟ ಹಾಲು ಉಕ್ಕದಂತೆ ಒಂದಿಷ್ಟು ಹೊತ್ತು ಕಾಯಿರಿ; ಕಥೆಯೊಂದನ್ನು ಹೇಳುವುದಿದೆ. ಕೊಳಾಯಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಘೋರ ಯುಗದಲ್ಲಿ, ತುಮಕೂರೆಂಬ ಮಹಾನಗರಿಯ ಒಂದು ಅಡ್ಡರಸ್ತೆಯಲ್ಲಿ, ಸಕಲಪಾತ್ರಪ್ರಕ್ಷಾಲನಧುರಂಧರೆಯೂ ಪುಸ್ತಕಪರಾಙ್ಮುಖಿಯೂ ಆದ ಪಂಕಜಾಕ್ಷಿದೇವಿಯು ಒಂದು ಮುಂಜಾನೆ ಬಿಸಿಲು ಬೀಳುವ ಮುನ್ನ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಎಳೆ ಇನ್ನೂ ಅರ್ಧದಲ್ಲಿರುವಾಗ ಗೇಟು ಕಿರ್ರೆಂದಿತು.

"ಒಳಗ ಬರಬಹುದೇನವ್ವಾ?"

ದೇವಿಯು ತಲೆಯೆತ್ತಿದಳು. ಕಪ್ಪು ಕೋಟು, ಕಿವಿ ಮುಚ್ಚಿದ ಕಪ್ಪು ಮಫ್ಲರು, ನಿದ್ದೆಗೆಟ್ಟು ಕೆಂಪಾದ ಕಣ್ಣು, ಕಣ್ಣಿಗಿಂತ ಕೆಂಪಾದ ಬಾಯಿ. ಆಕೆ ಎರಡೇ ಹೆಜ್ಜೆಗೆ ಹಿಂದೆ ಸರಿದು ಹೊಸ್ತಿಲೊಳಗೆ ನಿಂತಳು.

ಏಕೆಂದು ಕೇಳುವಿರಾ? ಹಿಂದಿನ ವಾರ ಒಂಬತ್ತನೇ ತರಗತಿಯ ಮಗಳು ಇಂಚರ ಗೆಳತಿಯಿಂದ ಒಂದು ಪತ್ತೇದಾರಿ ಪ್ರೇಮಕಾದಂಬರಿ ತಂದಿದ್ದಳು, ನಾಯಕನೇ ರಕ್ತಪಿಶಾಚಿ. "ಮೊದಲು ಓದು, ಆಮೇಲೆ ಬೈಯಮ್ಮ" ಎಂದು ಮಗಳು ಸವಾಲೆಸೆದಾಗ ದೇವಿಯು ಸೌಟನ್ನೆತ್ತಿ ಗರ್ಜಿಸಿದಳು:

"ಕೇಳೆಲೆ ಬಾಲೆ! ಸೂರ್ಯಚಂದ್ರರಿರುವವರೆಗೆ ಈ ಕಸವನ್ನು ನಾನು ಕಣ್ಣೆತ್ತಿಯೂ ನೋಡೆನು! ನೋಡಿದೆನಾದರೆ, ನಿನಗೆ ಓದಬೇಡವೆನ್ನುವ ಅಧಿಕಾರವನ್ನೇ ಆ ಕ್ಷಣ ತೊರೆದೆನು!"

"ಮಾತು ಅಂದ್ರೆ ಮಾತು!" ಎಂದು ಮಗಳು ಶಾಲೆಗೆ ಓಡಿದಳು.

ಆ ಭೀಷಣ ಪ್ರತಿಜ್ಞೆಯು ಮಧ್ಯಾಹ್ನದ ಹುಳಿಗೆ ಬೇಳೆ ಬೇಯುವವರೆಗೆ ನಿಂತಿತು. ಮೊದಲ ಪುಟವನ್ನು ಬೈಯಲೆಂದೇ ಓದಿದಳು. ಮುನ್ನೂರು ವರ್ಷದ ಮುದುಕ ಕಾಲೇಜು ಹುಡುಗಿಯ ಹಿಂದೆ ಬಿದ್ದಿದ್ದಾನೆ, ಇವನಿಗೆ ಬೇರೆ ಕೆಲಸವಿಲ್ಲವೇ? ಇಡೀ ಬಂಗಲೆಯಲ್ಲಿ ಒಬ್ಬರೂ ಉಣ್ಣುವುದಿಲ್ಲ, ಹುಡುಗಿಯ ಕೆನ್ನೆ ಮಾತ್ರ ಗುಲಾಬಿ! ನಿಟ್ಟುಸಿರಿನ ಪುಟಗಳನ್ನು ಬಲಿತ ದಂಟಿನಂತೆ ಬದಿಗೊತ್ತಿ ಮುಂದೆ ನಡೆದಳು. ಆದರೆ ಬಂಗಲೆಯ ದೊಡ್ಡಮ್ಮನನ್ನು ಕೊಂದವರಾರು? ಮನೆಯವರೇ ಬಾಯಾರೆ ಕರೆಯದೆ ಪಿಶಾಚಿಯು ಹೊಸ್ತಿಲು ದಾಟಲಾರದಷ್ಟೆ, ಹಾಗಾದರೆ ಕರೆದವರಾರು? ಬೇಳೆ ಸೀದಿತು. ಮರುದಿನ ನೆನೆಸಿದ ಬಟ್ಟೆ ಬಕೀಟಿನಲ್ಲೇ ಉಳಿಯಿತು. ಕೊನೆಯ ಪುಟದಲ್ಲಿ ಆ ಮುದುಕ ಪ್ರೇಯಸಿಗಾಗಿ ಎಳೆಬಿಸಿಲಿಗೆ ಮೈಯೊಡ್ಡಿ ಬೂದಿಯಾದಾಗ ಸೆರಗೇ ತೊಯ್ದುಹೋಯಿತು. "ಥೂ, ದರಿದ್ರದ ಪುಸ್ತಕ" ಎಂದು ಮೂಗೊರೆಸಿಕೊಂಡು, ಅದನ್ನು ಮಗಳ ದಿಂಬಿನಡಿ ಇದ್ದಂತೆಯೇ ಇಟ್ಟಳು.

ಗ್ಯಾಸಿನವನಿರಲಿ, ಕೊರಿಯರಿನವನಿರಲಿ, "ಬನ್ನಿ, ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ" ಎನ್ನದೆ ಯಾರನ್ನೂ ಕಳಿಸಿದ ಬಾಯಲ್ಲ ದೇವಿಯದು. ಈಗ ಆ ಬಾಯಿಗೆ ಬೀಗ ಬಿದ್ದಿತು.

"ಶಿವಪ್ರಸಾದ ಅದಾನೇನವ್ವಾ? ನಾನು ಹೊಸಪೇಟಿ ಚನ್ನಬಸಪ್ಪ, ಅವನ ಜೋಡಿ ಓದಿದಾವ. ಮಗಳ ಮದುವಿಗೆ ಕರಿಯಾಕ ಬಂದೀನಿ. ರಾತ್ರಿ ಬಸ್ಸು, ಕಣ್ಣು ಮುಚ್ಚಿಲ್ಲ ನೋಡು."

"ನಮ್ಮ ಮನೆಯವರು ಸ್ನಾನಕ್ಕೆ ಹೋಗಿದಾರೆ."

"ಒಳಗೆ ಕರೆಯೇ, ಅದು ಎಲೆಅಡಿಕೆ ತಿಂದ ಬಾಯಿ" ಎಂದು ಬುದ್ಧಿಯೆಂಬ ಸೇನಾಪತಿ ಕೂಗಿದನು. ಭಯವೆಂಬ ಸೈನ್ಯ ಕದಲಲಿಲ್ಲ. ರಂಗೋಲಿ ಡಬ್ಬಿಯನ್ನು ಗದೆಯಂತೆ ಹಿಡಿದ ದೇವಿಯು, "ಸ್ವಲ್ಪ... ಬಿಸಿಲು ಬರಲಿ, ಅಲ್ಲೇ ನಿಂತಿರಿ" ಎಂದುಬಿಟ್ಟಳು.

ಮದುವೆಗೆ ಕರೆಯಬಂದವರನ್ನು ಹೊರಗೆ ನಿಲ್ಲಿಸುವುದೆಂದರೆ! ಚನ್ನಬಸಪ್ಪನವರ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಲಗ್ನಪತ್ರಿಕೆ ಚೀಲಕ್ಕೆ ಮರಳಿತು. "ಇರ್ಲಿ ಬಿಡವ್ವಾ" ಎಂದು ಅವರು ತಿರುಗುವುದಕ್ಕೂ, ಎದುರುಮನೆಯ ತಾರಸಿ ದಾಟಿ ಬಿಸಿಲು ಅವರ ಮುಖಕ್ಕೆ ಬೀಳುವುದಕ್ಕೂ ಸರಿಹೋಯಿತು.

ದೇವಿಯು ಉಸಿರು ಬಿಗಿಹಿಡಿದಳು. ದಿಕ್ಕುಗಳು ಸ್ತಬ್ಧವಾದವು.

ಚನ್ನಬಸಪ್ಪನವರು ಸೀನಿದರು.

"ಅಯ್ಯೋ, ಬನ್ನಿ ಅಣ್ಣ! ತಪ್ಪಾಯ್ತು, ಒಳಗೆ ಬನ್ನಿ!" ಎನ್ನುತ್ತ ದೇವಿಯು ತನ್ನ ರಂಗೋಲಿಯನ್ನೇ ತುಳಿದು ಓಡಿ, ಅವರ ಕೈಯ ಚೀಲ ಕಸಿದುಕೊಂಡು ಒಳಕ್ಕೆ ಕರೆತಂದಳು.

ಬಾಗಿಲ ಮರೆಯಲ್ಲಿ ಹಲ್ಲುಜ್ಜುತ್ತ ಎಲ್ಲವನ್ನೂ ನೋಡುತ್ತಿದ್ದ ಇಂಚರ ಬಾಯಿಂದ ಬ್ರಷ್ಷು ತೆಗೆದಳು. ಅತಿಥಿಯನ್ನು ನೋಡಿದಳು, ಬಿಸಿಲನ್ನು ನೋಡಿದಳು, ಅಮ್ಮನನ್ನು ನೋಡಿದಳು. ಬಳಿಕ ಮನೆಗೆಲ್ಲ ಕೇಳುವಂತೆ ಕೇಳಿಯೇಬಿಟ್ಟಳು:

"ಅಮ್ಮಾ, ಕೊನೇ ಪುಟದವರೆಗೂ ಓದಿದ್ಯಾ?"