ಇಂಗಾಲದ ಲೆಕ್ಕ ಮತ್ತು ಮಾವನ ಆರಾಮ ಕುರ್ಚಿ

ಸಂಸಾರ ಸುಖವಾಗಿರಬೇಕಾದರೆ ಮನೆಯಲ್ಲಿ ಗುಣಾಕಾರ ಬಲ್ಲವರು ಒಬ್ಬರಿಗಿಂತ ಹೆಚ್ಚು ಇರಬಾರದು, ಮತ್ತು ಆ ಒಬ್ಬರು ಗಂಡನಾಗಿರಬಾರದು. ಇದು ನನ್ನ ಇತ್ತೀಚಿನ ಅಭಿಪ್ರಾಯ. ಮೊನ್ನೆ ಮೊನ್ನೆಯವರೆಗೆ ಚನ್ನಗಿರಿಯ ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿ ಗಿರಿಜೆಯೂ ಯಾವ ಲೆಕ್ಕಾಚಾರವೂ ಇಲ್ಲದೆ ನೆಮ್ಮದಿಯಾಗಿದ್ದೆವು. ಸರ್ಕಾರ ಉಚಿತ ಕರೆಂಟ್ ಕೊಟ್ಟ ಮೇಲಂತೂ ಪ್ರತಿ ತಿಂಗಳ ಬಿಲ್ಲಿನಲ್ಲಿ ಸೊನ್ನೆ ಬರುತ್ತಿತ್ತು. ಶಾಲೆಯಲ್ಲಿ ಸೊನ್ನೆ ತಂದಾಗಲೆಲ್ಲ ಅಪ್ಪನ ಕೈಯಲ್ಲಿ ಬೆನ್ನಿಗೆ ಬೀಳುತ್ತಿತ್ತು. ಸೊನ್ನೆಯಿಂದ ಇಷ್ಟು ಸಂತೋಷ ಸಿಗುತ್ತದೆಂದು ತಿಳಿಯಲು ನನಗೆ ಈ ವಯಸ್ಸಾಗಬೇಕಾಯಿತು.

ಕೆಡಿಸಿದ್ದು ನಮ್ಮ ಕಚೇರಿಯಲ್ಲಿ ನಡೆದ ಒಂದು ದಿನದ ತರಬೇತಿ. ಊಟ ಚೆನ್ನಾಗಿರುತ್ತದೆಂದು ಹೋಗಿದ್ದೆ. ಬಿಲ್ಲು ಸೊನ್ನೆಯಾದರೂ ಹೊಗೆ ಸೊನ್ನೆಯಾಗುವುದಿಲ್ಲ, ನೀವು ಇಲ್ಲಿ ಸ್ವಿಚ್ ಒತ್ತಿದರೆ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ ಎಂದು ಅಲ್ಲಿ ಒಬ್ಬರು ಹೇಳಿದರು. ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ಟು. ಯೂನಿಟ್ಟನ್ನು ದರದಿಂದ ಗುಣಿಸಿದರೆ ಖರ್ಚು, ಇನ್ನೊಂದು ಸಂಖ್ಯೆಯಿಂದ ಗುಣಿಸಿದರೆ ಮನೆಯ ಇಂಗಾಲ, ಅದೂ ಕಿಲೋ ಲೆಕ್ಕದಲ್ಲಿ. ನನ್ನ ಹೆಸರಿನಲ್ಲಿ ಎಲ್ಲೋ ಆಕಾಶದಲ್ಲಿ ಮೂಟೆಗಟ್ಟಲೆ ಮಸಿ ಕೂಡಿಬಿದ್ದಿದೆ ಎಂದು ಕೇಳಿ ಊಟವೇ ಸೇರಲಿಲ್ಲ. ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡದ್ದು ಬೇರೆ ವಿಷಯ.

ಮನೆಗೆ ಬಂದವನೇ ವ್ಯಾಟು ಹುಡುಕತೊಡಗಿದೆ. ಫ್ರಿಜ್ಜಿನ ಹಿಂದಿನ ಚೀಟಿ ಓದಲು ಹೋಗಿ ಗೋಡೆಗೂ ಅದಕ್ಕೂ ನಡುವೆ ತಲೆ ಸಿಕ್ಕಿಸಿಕೊಂಡೆ. ಗಿರಿಜೆ ಚಟ್ನಿ ರುಬ್ಬುವಾಗ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತೆ. "ನೀವು ಹಿಂಗೆ ನಿಂತ್ರೆ ಹೆಂಗ್ರೀ ರುಬ್ಬಾಕೆ ಆಗ್ತೈತೆ? ಪರೀಕ್ಷೆ ಬರೆದಂಗಾಗ್ತೈತೆ ನಂಗೆ," ಎಂದು ಅವಳು ಮಿಕ್ಸಿಯನ್ನು ಅರ್ಧಕ್ಕೇ ಆರಿಸಿಬಿಟ್ಟಳು. ಅಂದು ದೋಸೆಯ ಜೊತೆ ಇಡಿಯಾದ ಮೆಣಸಿನಕಾಯಿಗಳನ್ನು ಅಗಿದು, ಕಣ್ಣೀರು ಸುರಿಸುತ್ತಾ ಒಂದಿಷ್ಟು ಇಂಗಾಲ ಉಳಿಸಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಬುದ್ಧಿ ಇದ್ದವನು ಸುಮ್ಮನಿರಬಹುದು, ಲೆಕ್ಕ ಮುಗಿಸಿದವನು ಸುಮ್ಮನಿರಲಾರ. ನಮ್ಮ ಮನೆಯ ಲೆಕ್ಕವನ್ನು ಹೆಂಡತಿಯ ಕಡೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಕೂಡಲೇ ಹೊನ್ನಾಳಿಯಿಂದ ನನ್ನ ಷಡ್ಡಕ ರುದ್ರೇಶಣ್ಣ, ಅಂದರೆ ಗಿರಿಜೆಯ ಅಕ್ಕನ ಗಂಡ, ತನ್ನ ಮನೆಯ ಲೆಕ್ಕವನ್ನೂ ಹಾಕಿದ. ಅವನದು ನನ್ನದಕ್ಕಿಂತ ಬಹಳ ಹೆಚ್ಚಿತ್ತು. ನಾನು ಒಂದು ಹಸಿರು ಎಲೆಯ ಚಿತ್ರ ಕಳಿಸಿ ಸಂತೋಷಪಟ್ಟೆ. ಆಗ ಜಗಳೂರಿನಲ್ಲಿರುವ ಮಾವನ ಫೋನು ಬಂತು.

"ಬೇಸಿಗೆಗೆ ಎಲ್ರೂ ಬರ್ತೀರಲ್ಲ, ಆಗ ಒಂದು ತಿಂಗಳ ಬಿಲ್ಲು ತಗಂಡು ಬರ್ರಿ, ನೋಡಾಣ. ಯಾರದು ಕಡಿಮೆ ಐತೋ ಅವರಿಗೆ ಈ ಸಲ ಕುರ್ಚಿ," ಎಂದರು.

ಮಾವನ ನಡುಮನೆಯಲ್ಲಿ ಫ್ಯಾನಿನ ನೇರ ಕೆಳಗೆ ಒಂದು ಆರಾಮ ಕುರ್ಚಿ ಇದೆ. ಜಗಳೂರಿನ ಬೇಸಿಗೆಯ ಮಧ್ಯಾಹ್ನದಲ್ಲಿ ಗಾಳಿ ಸಿಗುವ ಜಾಗ ಅದೊಂದೇ. ಹಿರಿಯ ಅಳಿಯನೆಂಬ ಹಕ್ಕಿನಿಂದ ಪ್ರತಿ ವರ್ಷವೂ ರುದ್ರೇಶಣ್ಣ ಅದರಲ್ಲಿ ಮಲಗಿ ಗೊರಕೆ ಹೊಡೆಯುತ್ತಾನೆ. ನನಗೆ ಬಾಗಿಲ ಬಳಿ ಚಾಪೆ. ಕಣ್ಣು ಹತ್ತುವ ಹೊತ್ತಿಗೆ ಪಕ್ಕದ ಮನೆಯ ಕುರಿಮರಿ ಬಂದು ಕಾಲ್ಬೆರಳು ನೆಕ್ಕುತ್ತದೆ. ಆ ಕುರ್ಚಿಗಾಗಿ ನಾನು ಇಂಗಾಲವನ್ನಷ್ಟೇ ಅಲ್ಲ, ಆಮ್ಲಜನಕವನ್ನೂ ಬಿಡಲು ಸಿದ್ಧನಿದ್ದೆ.

ಆದರೆ ಮಾವ ನಿವೃತ್ತ ಬಸ್ ಕಂಡಕ್ಟರು. ಪ್ರಪಂಚದ ಯಾವುದೇ ವಿಷಯವನ್ನು ಅವರು ಬಸ್ಸಿನ ಬಾಗಿಲಲ್ಲಿ ನಿಂತೇ ನೋಡುವುದು. "ಒಟ್ಟು ಎಷ್ಟು ಅಂತ ನೋಡಾಕೆ ಬರಲ್ಲ ಅಳಿಯಂದ್ರೆ. ಖಾಲಿ ಬಸ್ಸೂ ಡೀಸೆಲ್ ಕುಡೀತೈತೆ, ತುಂಬಿದ ಬಸ್ಸೂ ಕುಡೀತೈತೆ. ತಲೆಗೆ ಎಷ್ಟು ಬಿತ್ತು, ಅದನ್ನ ಹೇಳ್ರಿ," ಎಂದರು. ರುದ್ರೇಶಣ್ಣನ ಮನೆಯಲ್ಲಿ ಏಳು ತಲೆ. ನಮ್ಮಲ್ಲಿ ಎರಡು. ಭಾಗಿಸಿ ನೋಡಿದೆ, ಕುರ್ಚಿ ಹೊನ್ನಾಳಿಯ ಕಡೆ ಹೊರಟಿತ್ತು.

ವ್ಯಾಟು ಇಳಿಸಲು ನೋಡಿದೆ. ತಣ್ಣೀರು ಸ್ನಾನ ಮಾಡಿದೆ, ಪ್ಯಾಂಟನ್ನು ಹಾಸಿಗೆಯ ಕೆಳಗಿಟ್ಟು ಮಲಗಿ ಇಸ್ತ್ರಿ ಮಾಡಿದೆ. ಸಾಲಲಿಲ್ಲ. ಆಗ ಹೊಳೆಯಿತು: ಇಂಗಾಲ ಇಳಿಯದಿದ್ದರೇನು, ತಲೆ ಏರಿಸಬಹುದಲ್ಲ. ನ್ಯಾಮತಿಯಲ್ಲಿರುವ ಮಾವನ ತಂಗಿ ಸರೋಜತ್ತೆಗೆ ಫೋನು ಮಾಡಿ, ಮನೆಗೆ ಬೀಗ ಹಾಕಿ ಎಲ್ಲರೂ ಒಂದು ತಿಂಗಳು ನಮ್ಮಲ್ಲಿ ಇದ್ದು ಹೋಗಿ ಎಂದೆ. ಮೀಟರ್ ಓದುವವನು ಬಂದುಹೋದ ಸಂಜೆಯೇ ಅವರು ಬಂದಿಳಿದರು: ಅತ್ತೆ, ಅವರ ಯಜಮಾನರು, ರಜೆಯಲ್ಲಿದ್ದ ಮೇಷ್ಟ್ರು ಮಗ, ಟೀಚರ್ ಸೊಸೆ, ಮೊಮ್ಮಗಳು. ಐದು ತಲೆಗಳನ್ನು ಎಣಿಸಿಕೊಂಡು ಆನಂದದಿಂದ ಅವರ ಬ್ಯಾಗುಗಳನ್ನು ಹೊತ್ತೆ.

ತಲೆಯ ಜೊತೆ ಮೈಯೂ ಬರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸುಡುಬೇಸಿಗೆಯಲ್ಲೂ ಸರೋಜತ್ತೆಗೆ ಬಿಸಿನೀರೇ ಆಗಬೇಕು. ಸೊಸೆಗೆ ಕೂದಲು ಒಣಗಿಸುವ ಯಂತ್ರ, ಮೊಮ್ಮಗಳಿಗೆ ಇಡೀ ದಿನ ಟೀವಿ. ಟ್ಯಾಂಕು ತುಂಬಿಸುವ ಮೋಟಾರಿಗೆ ಬಿಡುವೇ ಇಲ್ಲ. ಮೀಟರು ತಿರುಗುವುದನ್ನು ನೋಡಿದರೆ ನನಗೇ ತಲೆ ಸುತ್ತುತ್ತಿತ್ತು. ಉಚಿತದ ಮಿತಿ ದಾಟಿ, ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ಸೊನ್ನೆಯ ಹಿಂದೆ ಮುಂದೆ ಅದರ ಬಂಧುಬಳಗವೆಲ್ಲ ಬಂದು ನಿಂತಿತ್ತು. ಗಿರಿಜೆ ಬಿಲ್ಲನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು ಮುದ್ದೆ ಬಡಿಸಿದಳು. ಆದರೂ ಏಳರಿಂದ ಭಾಗಿಸಿದರೆ ರುದ್ರೇಶಣ್ಣನಿಗಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತಿತ್ತು. ನಾನು ಗೆದ್ದೆನೆಂದೇ ಎಲ್ಲರನ್ನೂ ಕರೆದುಕೊಂಡು ಜಗಳೂರಿನ ಬಸ್ಸು ಹತ್ತಿದೆ.

ಮಾವ ಕನ್ನಡಕ ಏರಿಸಿ ನನ್ನ ಲೆಕ್ಕ ನೋಡಿದರು. "ಏಳು ಮಂದಿ ಅಂತ ಬರ್ದೀರಿ. ಐದು ಮಂದಿ ಎಲ್ಲಿ ಹತ್ತಿದ್ದು?"

"ನ್ಯಾಮತಿಯಲ್ಲಿ," ಎಂದೆ.

"ಪ್ಯಾಸೆಂಜರ್ ಎಲ್ಲಿ ಹತ್ತಿದ್ನೋ ಆ ಊರಿನ ಲೆಕ್ಕಕ್ಕೆ ಬರಿಯೋದು. ನಡುವೆ ಸಿಕ್ಕ ಸ್ಟಾಪಿಗೆ ಅಲ್ಲ," ಎಂದು ಐವರನ್ನೂ ನನ್ನ ಬಸ್ಸಿನಿಂದ ಇಳಿಸಿಬಿಟ್ಟರು. ಉಳಿದದ್ದು ಏಳು ಜನರ ಬಿಲ್ಲು, ಎರಡು ತಲೆ. ರುದ್ರೇಶಣ್ಣ ಆಗಲೇ ಕುರ್ಚಿಯ ಧೂಳು ಒರೆಸುತ್ತಿದ್ದ.

"ಸ್ವಲ್ಪ ತಡೀರಿ," ಎಂದರು ಮಾವ. "ಸರೋಜಾ, ಹಂಗಾದ್ರೆ ನ್ಯಾಮತಿ ಲೆಕ್ಕಾನೂ ನೋಡ್ಬೇಕಾಗ್ತೈತೆ. ನಿಮ್ಮನೇದು ಎಷ್ಟು ಬಂತು?"

"ಏನು ಬರ್ತೈತಣ್ಣ? ತಿಂಗಳಿಂದ ಬೀಗ ಹಾಕೈತೆ, ಮೇನ್ ಸ್ವಿಚ್ಚೂ ಆರ್ಸಿ ಬಂದೀವಿ," ಎಂದರು ಸರೋಜತ್ತೆ.

ಸೊನ್ನೆಯನ್ನು ಐದರಿಂದ ಭಾಗಿಸಲು ಮಾವನಿಗೆ ಕಾಗದ ಬೇಕಾಗಲಿಲ್ಲ. ಒಂದು ತಿಂಗಳು ನನ್ನ ಮನೆಯ ಬಿಸಿನೀರಿನಲ್ಲಿ ಮಿಂದು, ನನ್ನ ಮನೆಯ ಫ್ಯಾನಿನಡಿ ಮಲಗಿದ್ದ ಸರೋಜತ್ತೆ ನಮ್ಮ ಬಳಗದ ಅತಿ ಶುದ್ಧ ಪರಿಸರವಾದಿಯಾಗಿ ಕುರ್ಚಿಯಲ್ಲಿ ಕಾಲು ಚಾಚಿದರು. ಹೊಟ್ಟೆ ಉರಿದುಹೋಯಿತು, ಆ ಉರಿಯ ಇಂಗಾಲವನ್ನು ಯಾರ ಲೆಕ್ಕಕ್ಕೆ ಬರೆಯಬೇಕೋ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು, "ಅಳಿಯಂದ್ರೆ, ಆ ಫ್ಯಾನು ಆರಿಸ್ರಿ. ಗೆದ್ದ ಮ್ಯಾಲೆ ಹೊಗೆ ಮಾಡಾಕೆ ಮನಸು ಬರಲ್ಲ. ಅಲ್ಲಿ ಬೀಸಣಿಗೆ ಐತೆ, ತಗಳ್ರಿ," ಎಂದರು.

ತೆಗೆದುಕೊಂಡೆ. ಬೆವರು ಸುರಿಸುತ್ತಾ ಬೀಸುತ್ತಾ ನಿಂತವನಿಗೆ ಒಂದು ವಿಷಯ ಹೊಳೆದು, ಹೇಳಬಾರದು, ಸ್ವಲ್ಪ ಹೆಮ್ಮೆಯೇ ಆಯಿತು. ಮದುವೆಯಾದಾಗಿನಿಂದ ಇಲ್ಲಿಯವರೆಗೆ ನಾನು ಆ ಕುರ್ಚಿಗೆ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.