ಎಡಗಡೆ ಸ್ಟೇರಿಂಗು, ಬಲಗಡೆ ಮಡದಿ

"ಈ ಊರಿನ ಅರ್ಧ ಕಣ್ಣುಗಳನ್ನ ಪರೀಕ್ಷೆ ಮಾಡಿದವನು ನಾನು. ನನ್ನ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ!"

ಕನ್ನಡಕದ ಅಂಗಡಿಯ ಯಜಮಾನರು ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆ ಘೋಷಿಸಿದಾಗ ಆ ಮಹಾಸಭೆಯಲ್ಲಿ ಇದ್ದವರು ಮೂವರೇ. ಶಾಲೆಯಲ್ಲಿ ಸಂಗೀತ ಕಲಿಸುವ ಮಡದಿ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಕೂತವರನ್ನು ದನಿಯಿಂದಲೇ ಗುರುತಿಸುವ ಸ್ಥಿತಿಗೆ ಬಂದಿದ್ದ ಅತ್ತೆ. ಮತ್ತು ಹಳೆ ಕಾರುಗಳ ವ್ಯಾಪಾರ ಮಾಡುವ ಭಾವಮೈದ. ಘೋಷಣೆಗೆ ಕಾರಣ ಈ ಭಾವಮೈದನೇ.

"ಭಾವ, ಕಡಲಾಚೆಯಿಂದ ಯಾಕೆ ತರಿಸ್ತೀರಿ? ನನ್ನ ಹತ್ರಾನೇ ಒಳ್ಳೆ ಗಾಡಿ ಇದೆ. ಒಬ್ಬರೇ ಓಡಿಸಿದ್ದು. ನಾಳೆನೇ ತಂದು ನಿಲ್ಲಿಸ್ತೀನಿ."

"ಆ ಒಬ್ಬರು ಯಾರಯ್ಯಾ? ಲಾರಿ ಓಡಿಸೋರಾ? ನಿನ್ನ ಹಂಗೂ ಬೇಡ, ದಲ್ಲಾಳಿಗಳ ಹಂಗೂ ಬೇಡ. ನಾನೇ ನೋಡಿ, ನಾನೇ ಆರಿಸಿ, ನಾನೇ ತರಿಸ್ತೀನಿ!"

ಕಾರಿನ ಅಗತ್ಯವೇನೋ ನಿಜವಾಗಿತ್ತು. ಅತ್ತೆಯ ಕನ್ನಡಕದ ಗಾಜನ್ನು ಬದಲಿಸಿ ಬದಲಿಸಿ ಯಜಮಾನರು ಸೋತಿದ್ದರು. ಆಪರೇಷನ್ನೇ ಆಗಬೇಕು, ಅದಕ್ಕೆ ದೂರದ ಪಟ್ಟಣದ ಕಣ್ಣಿನ ಆಸ್ಪತ್ರೆಗೇ ಹೋಗಬೇಕು. ಅತ್ತೆಗೆ ಆಪರೇಷನ್ ಎಂದರೆ ಎದೆ ನಡುಕ. ಬಹಳ ದಿನ ಸತಾಯಿಸಿದ ಮೇಲೆ, "ಬಸ್ಸಲ್ಲಿ ನೂಕಾಡಿಸ್ಕೊಂಡು ಬರಲ್ಲ. ಅಳಿಯಂದಿರು ಜೊತೇಲಿ ಕರ್ಕೊಂಡು ಹೋದ್ರೆ ಬರ್ತೀನಿ" ಎಂದು ಒಪ್ಪಿದ್ದರು. ಆ ಮಾತು ಅಳಿಯನ ತಲೆಗೆ ಕಿರೀಟದಂತೆ ಕೂತುಬಿಟ್ಟಿತ್ತು.

ಅಲ್ಲಿಂದ ಯಜಮಾನರ ಸಂಜೆಗಳೆಲ್ಲ ಕಂಪ್ಯೂಟರಿನ ಪಾಲಾದವು. ಕೊನೆಗೊಂದು ದಿನ ಬಿಳಿ ಬಣ್ಣದ, ದುಂಡು ಮೂತಿಯ ಕಾರೊಂದು ಕಣ್ಣಿಗೆ ಬಿತ್ತು. ಮಾರುವವರು ಯಾವುದೋ ದೇಶದ ಹಲ್ಲಿನ ಡಾಕ್ಟರು. ಹಲ್ಲು ತಿಕ್ಕಿದಷ್ಟೇ ಶ್ರದ್ಧೆಯಿಂದ ಕಾರನ್ನೂ ತಿಕ್ಕಿಟ್ಟಿದ್ದರು! ಒಳಗಿನ ಫೋಟೋ ನೋಡಿದ ಮಡದಿ ಹುಬ್ಬು ಗಂಟಿಕ್ಕಿದರು.

"ರೀ, ಸ್ಟೇರಿಂಗು ಎಡಗಡೆ ಇದೆಯಲ್ರೀ?"

ಯಜಮಾನರು ಗಹಗಹಿಸಿ ನಕ್ಕರು. "ಫೋಟೋ ತಿರುವುಮುರುವು ಬಂದಿದೆ ಕಣೇ! ಕನ್ನಡಿ ಮುಂದೆ ನಿಂತ್ರೆ ಎಡಗೆನ್ನೆಯ ಮಚ್ಚೆ ಯಾವ ಕಡೆ ಕಾಣುತ್ತೆ? ಈಗಿನ ಫೋನುಗಳೆಲ್ಲ ಹಾಗೇನೇ. ಬಿಂಬ, ಪ್ರತಿಬಿಂಬ ನನಗೆ ಹೇಳಿಕೊಡ್ತೀಯಾ?"

"ತಿರುವಿದ್ರೆ ಅಕ್ಷರ, ಅಂಕಿ ಎಲ್ಲ ಉಲ್ಟಾ ಇರಬೇಕಲ್ವಾ?"

ಇಬ್ಬರೂ ಬಗ್ಗಿ ನೋಡಿದರು. ಇಡೀ ಫೋಟೋದಲ್ಲಿ ಕಾಣುತ್ತಿದ್ದ ಅಂಕಿಯೆಂದರೆ ಕಾರಿನ ಗಡಿಯಾರದ್ದು ಮಾತ್ರ. ಹಾಳು ಗಡಿಯಾರ ಆ ಕ್ಷಣ ಹನ್ನೊಂದು ಗಂಟೆ ಹನ್ನೊಂದು ನಿಮಿಷ ತೋರಿಸುತ್ತಿತ್ತು. ನಾಲ್ಕಕ್ಕೆ ನಾಲ್ಕೂ ಒಂದು! ತಿರುಗಿಸಿದರೂ ಅದೇ, ಮುರುಗಿಸಿದರೂ ಅದೇ. ಯಜಮಾನರು "ನೋಡಿದ್ಯಾ?" ಎಂದರು. ಏನನ್ನು ನೋಡಬೇಕೆಂದು ಮಡದಿಗೆ ತಿಳಿಯಲಿಲ್ಲ.

ಕಾರು ಹಡಗು ಹತ್ತಿತು. ಹಡಗು ಯಾವ ಯಾವ ಬಂದರಿನಲ್ಲಿ ನೆಂಟರ ಮನೆಗೆ ಹೋದಂತೆ ಉಳಿದುಕೊಂಡಿತೋ ಯಾರಿಗೂ ಗೊತ್ತಿಲ್ಲ. ಸುಂಕದ ಕಚೇರಿಯ ಮೆಟ್ಟಿಲು ಸವೆದು, ಯಜಮಾನರ ಚಪ್ಪಲಿಯೂ ಸವೆದು, ಅಂತೂ ಇಂತೂ ಕಾರು ಬಿಡಿಸಿಕೊಳ್ಳುವ ದಿನ ಬಂತು. ಬಂದರಿನವರೆಗೆ ಬಿಟ್ಟುಬರಲು ಭಾವಮೈದನೇ ತನ್ನ ಕಾರಿನಲ್ಲಿ ಅಕ್ಕ ಭಾವನನ್ನು ಕರೆದೊಯ್ದ. ಹಂಗು ಬೇಡವೆಂದವರು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು.

ಬಂದರಿನ ಅಂಗಳದಲ್ಲಿ ಬಿಳಿ ಕಾರು ಮದುವೆಯ ಹೆಣ್ಣಿನಂತೆ ನಿಂತಿತ್ತು. ಯಜಮಾನರು ಗಂಭೀರವಾಗಿ ಹೋಗಿ ಬಲಗಡೆಯ ಬಾಗಿಲು ತೆರೆದರು, ಗಂಭೀರವಾಗಿ ಕೂತರು, ಗಂಭೀರವಾಗಿ ಎರಡೂ ಕೈ ಮುಂದೆ ಚಾಚಿದರು. ಕೈಗೆ ಸಿಕ್ಕಿದ್ದು ಬರೀ ಗಾಳಿ!

ಕೀಲಿ ಹಿಡಿದು ನಿಂತಿದ್ದ ಗುಮಾಸ್ತ ಮೆಲ್ಲಗೆ ಕೆಮ್ಮಿದ. "ಸಾರ್, ಓಡಿಸೋರು ಆ ಕಡೆ ಕೂತ್ಕೋಬೇಕು."

ಮಡದಿ ತಟ್ಟನೆ ತಿರುಗಿ ದೂರದ ಕ್ರೇನುಗಳನ್ನು ನೋಡತೊಡಗಿದರು. ಅವರ ಬೆನ್ನು ಮಾತ್ರ ಗದಗದ ಅಲುಗುತ್ತಿತ್ತು. ಭಾವಮೈದನಿಗೆ ಅಷ್ಟು ಸೌಜನ್ಯವೂ ಇರಲಿಲ್ಲ.

"ಭಾವ, 'ಎಡವಟ್ಟು' ಅನ್ನೋ ಮಾತಿಗೆ ಅರ್ಥ ಇವತ್ತು ಗೊತ್ತಾಯ್ತು ನೋಡಿ!"

"ಬಾಯ್ಮುಚ್ಚಯ್ಯಾ!" ಎಂದು ಯಜಮಾನರು ಇಳಿದು, ಕಾರಿನ ಮೂತಿಯನ್ನು ಸುತ್ತಿ ಎಡಗಡೆಗೆ ಹೋಗಿ ಕೂತರು. ಆ ನಾಲ್ಕು ಹೆಜ್ಜೆಯಷ್ಟು ಉದ್ದದ ದಾರಿಯನ್ನು ಅವರು ಜೀವಮಾನದಲ್ಲೇ ನಡೆದಿರಲಿಲ್ಲ.

ಮನೆಯ ದಾರಿಯಲ್ಲಿ ಮೊದಲ ಪಾಠ ಬಂದರಿನ ಗೇಟಿನಲ್ಲೇ ಆಯಿತು. ಚೀಟಿ ಕೊಡುವ ಕಿಂಡಿ ಬಲಗಡೆ. ಮಡದಿಯೇ ಕೈ ನೀಡಿ ಪಡೆದರು. ಎರಡನೆಯ ಪಾಠ ಹೆದ್ದಾರಿಯಲ್ಲಿ. ಮುಂದೆ ಹುಲ್ಲಿನ ಲಾರಿ. ಅದನ್ನು ದಾಟಬೇಕೆಂದರೆ ಎದುರು ದಾರಿ ಕಾಣಬೇಕು. ಎಡಗಡೆ ಕೂತವರಿಗೆ ಕಾಣುವುದು ಹುಲ್ಲು ಮಾತ್ರ! ಯಜಮಾನರು ಬಲಕ್ಕೆ ವಾಲಿದರು. ಇನ್ನೂ ವಾಲಿದರು. ಕೊನೆಗೆ ತಲೆ ಮಡದಿಯ ಹೆಗಲ ಮೇಲೆಯೇ ಬಂದು ಕೂತಿತು.

"ರೀ! ನಡುರಸ್ತೇಲಿ ಇದೇನ್ರೀ ಸರಸ? ನೆಟ್ಟಗೆ ಕೂತ್ಕೊಳ್ಳಿ!"

ಅಷ್ಟರಲ್ಲಿ ಎದುರಿನಿಂದ ಬಸ್ಸೊಂದು ಕಿವಿ ಹರಿಯುವಂತೆ ಹಾರ್ನ್ ಬಾರಿಸುತ್ತ ಹಾದುಹೋಯಿತು. ಯಜಮಾನರ ಮುಖ ಸುಣ್ಣವಾಯಿತು. ಮಡದಿ ಸೆರಗು ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ ಹೇಳಿದರು: "ನೀವು ನಿಮ್ಮ ಜಾಗದಲ್ಲಿರಿ. ರಸ್ತೆ ನಾನು ನೋಡ್ತೀನಿ. ನಾನು ಅಂದಾಗ ಮಾತ್ರ ಹೋಗಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

"ತಡೀರಿ... ತಡೀರಿ... ಒಂದು, ಎರಡು... ಹ್ಞಾಂ, ಎತ್ಕೊಳ್ಳಿ!"

ಮಕ್ಕಳು ಪಲ್ಲವಿ ಎತ್ತಿಕೊಂಡಂತೆ ಕಾರು ಮುಂದಕ್ಕೆ ಚಿಮ್ಮಿತು. ತಾಳ ತಪ್ಪದೆ ಲಾರಿ ಹಿಂದಾಯಿತು. ಮದುವೆಯಾದ ಲಾಗಾಯ್ತು ಮಡದಿಯ ಒಂದು ಮಾತಿಗೂ ಇಷ್ಟು ಚುರುಕಾಗಿ ಯಜಮಾನರು ಓಗೊಟ್ಟಿರಲಿಲ್ಲ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಕಾರಿನ ದೀಪಗಳೂ ಆ ದೇಶದ ರಸ್ತೆಗೆ ತಕ್ಕಂತೆ ಬಲಕ್ಕೆ ತಿರುಗಿದ್ದವು. ಮುಸ್ಸಂಜೆಯಲ್ಲಿ ಬೀದಿಗಿಳಿದರೆ ಎದುರು ಬಂದವರ ಕಣ್ಣಿಗೆ ನೇರ ಸೂರ್ಯದರ್ಶನ! ಮೂಲೆಯ ಬೇಕರಿಯವರು ಕಣ್ಣುಜ್ಜಿಕೊಳ್ಳುತ್ತ ಅಂಗಡಿಗೇ ಬಂದರು.

"ವ್ಯಾಪಾರ ಕಮ್ಮಿ ಆಯ್ತಾ ಯಜಮಾನ್ರೇ? ಸಾಯಂಕಾಲ ನಮ್ಮ ಕಣ್ಣು ಕುಕ್ಕೋದು, ಬೆಳಿಗ್ಗೆ ಕನ್ನಡಕ ಮಾರೋದು! ಉಪಾಯ ಚೆನ್ನಾಗಿದೆ."

ಯಜಮಾನರು ಅಂದೇ ದೀಪ ಬದಲಿಸಲು ಕೊಟ್ಟರು. ಸಾರಿಗೆ ಕಚೇರಿಯವರು ಕಾರಿನ ಸುತ್ತ ಪ್ರದಕ್ಷಿಣೆ ಬಂದು, ನಿಯಮದ ಪುಸ್ತಕ ತಿರುವಿ, "ಎಡಗಡೆ ಸ್ಟೇರಿಂಗ್ ಬೇಡ ಅಂತ ಎಲ್ಲೂ ಹೇಳಿಲ್ಲ, ಆದ್ರೆ ಬೇಕು ಅಂತ ಕೇಳಿದವರು ನೀವೊಬ್ಬರೇ" ಎಂದು ಒಪ್ಪಿಗೆಯ ಮೊಹರು ಹಾಕಿದರು. ಇನ್ನು ಈ ಎಡಬಿಡಂಗಿಯನ್ನು ಆದಷ್ಟು ಬೇಗ ಸಾಗಹಾಕುವುದೆಂದು ಯಜಮಾನರು ಮನಸ್ಸಿನಲ್ಲೇ ತೀರ್ಮಾನಿಸುವಷ್ಟರಲ್ಲಿ ಅತ್ತೆಯ ಆಪರೇಷನ್ನಿನ ದಿನ ಬಂದೇಬಿಟ್ಟಿತು.

ಮಡದಿ ಹಿಂದಿನ ದಿನವೇ ಹಾಡಿನ ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಅದೇ ಪಟ್ಟಣಕ್ಕೆ ಹೋಗಿದ್ದರು. ಸೀದಾ ಆಸ್ಪತ್ರೆಗೆ ಬರುವುದೆಂದು ಮಾತಾಗಿತ್ತು. ಹಾಗಾಗಿ ಬಲಗಡೆಯ ಆ ಮಹತ್ವದ ಸೀಟಿನಲ್ಲಿ ಅತ್ತೆ ಕೂತರು. ಎರಡೂ ಕಣ್ಣಿಗೆ ಪೊರೆ ಬಂದ ಅತ್ತೆ!

ಊರು ದಾಟುತ್ತಲೇ ಮುಂದೆ ಕಾಂಕ್ರೀಟ್ ಕಲಸುವ ದೊಡ್ಡ ಲಾರಿ ಸಿಕ್ಕಿತು. ಬೆನ್ನ ಮೇಲಿನ ಡೋಲು ಗಿರಗಿರ ತಿರುಗುತ್ತಿತ್ತು. ಗಾಲಿಗಳಿಗೆ ಮಾತ್ರ ತಿರುಗುವ ಮನಸ್ಸಿರಲಿಲ್ಲ.

"ಅತ್ತೆ, ಎದುರಿಗೆ ಏನಾದ್ರೂ ಬರ್ತಿದೆಯಾ?"

"ಬೆಳ್ಳಗೆ ಏನೋ ಬರ್ತಿದೆ ಅಳಿಯಂದಿರೇ."

"ಬಸ್ಸಾ?"

"ಮೋಡಾನೂ ಇರಬಹುದು."

ಯಜಮಾನರು ಕಾರಿನ ಮೂತಿಯನ್ನು ಹೊರಗೆ ಇಣುಕಿಸಿ, ಒಳಗೆಳೆದು, ಮತ್ತೆ ಇಣುಕಿಸಿ ಒಳಗೆಳೆದರು. "ಈಗ?"

"ಈಗ ಏನೂ ಇಲ್ಲ. ಎಲ್ಲಾ ಖಾಲಿ."

ಮಾತು ಮುಗಿಯುವ ಮೊದಲೇ ಬಸ್ಸೊಂದು ಭರ್ರೆಂದು ಪಕ್ಕದಲ್ಲೇ ಹಾದುಹೋಯಿತು.

"ಅದೇನದು ಸದ್ದು?" ಎಂದರು ಅತ್ತೆ.

"ಮೋಡ ಅತ್ತೆ. ಗುಡುಗ್ತು!"

ಆಮೇಲೆ ಯಜಮಾನರು ದಾಟುವ ಆಸೆಯನ್ನೇ ಬಿಟ್ಟರು. ಲಾರಿಯ ಹಿಂದೆ ಕಾರು ಆಮೆಯ ಹಾಗೆ ಸಾಗಿತು. ಹೊತ್ತು ಮೀರಿದರೆ ಡಾಕ್ಟರು ಹೊರಟುಹೋಗುತ್ತಾರೇನೋ, ಇವತ್ತು ತಪ್ಪಿದರೆ ಅತ್ತೆ ಮತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ಅವರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಅತ್ತೆ ಸಣ್ಣ ದನಿಯಲ್ಲಿ ಕೇಳಿದರು:

"ಅಳಿಯಂದಿರೇ, ಇರೋ ಚೂರು ಬೆಳಕೂ ಹೋಗಿಬಿಟ್ರೆ?"

ಬೇರೆ ದಿನವಾಗಿದ್ದರೆ ಯಜಮಾನರು ಕಣ್ಣುಗುಡ್ಡೆಯ ರಚನೆಯಿಂದ ಶುರುಮಾಡಿ ದೊಡ್ಡ ಭಾಷಣ ಬಿಗಿಯುತ್ತಿದ್ದರು. ಇವತ್ತು ಎರಡೇ ಮಾತು ಹೇಳಿದರು:

"ನನಗೂ ಅದೇ ಭಯ ಅತ್ತೆ. ಇಷ್ಟು ವರ್ಷ ಕನ್ನಡಕ ಕೊಟ್ಟೆ, ನಿಮಗೊಂದು ಸರಿಯಾಗಿ ಕೊಡೋಕಾಗಲಿಲ್ಲ."

ಅತ್ತೆ ತಡಕಾಡಿ ಅಳಿಯನ ತೋಳು ಹಿಡಿದರು. "ಹೊತ್ತಾದ್ರೆ ಆಗ್ಲಿ, ಅವಸರ ಮಾಡಬೇಡಿ. ನನಗೆ ಕಣ್ಣು ಬಂದಾಗ ನೋಡೋಕೆ ನೀವೂ ಇರಬೇಕಲ್ಲ."

ಯಜಮಾನರಿಗೆ ಎದುರಿನ ಲಾರಿಯೂ ಮಂಜಾಯಿತು. ಕನ್ನಡಕ ತೆಗೆದು ಒರೆಸಿಕೊಳ್ಳೋಣವೆಂದರೆ ಅತ್ತೆ ತೋಳು ಬಿಡಲಿಲ್ಲ.

ಅಷ್ಟರಲ್ಲಿ ಲಾರಿ ತಾನಾಗಿಯೇ ಪಕ್ಕಕ್ಕೆ ಸರಿದು ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಏನ್ ಸಾರ್, ಆಗಲಿಂದ ಇಣುಕೋದು, ಒಳಗೆ ಹೋಗೋದು, ಇಣುಕೋದು, ಒಳಗೆ ಹೋಗೋದು! ಹೊಸ ಮದುಮಗನ ಹಾಗೆ! ಎದುರಿಗೆ ಏನೂ ಇಲ್ಲ, ಹೊರಡಿ, ಹೊರಡಿ!"

ಯಜಮಾನರು ಕಾರು ದಾಟಿಸುತ್ತ ಕೈ ಎತ್ತಿ ಮುಗಿದರು. ಕೈ ಬಿಟ್ಟ ಸ್ಟೇರಿಂಗು ಗಡಗಡ ಅಂದಿದ್ದರಿಂದ ಕೃತಜ್ಞತೆಯನ್ನು ಅಷ್ಟಕ್ಕೇ ನಿಲ್ಲಿಸಬೇಕಾಯಿತು.

ಆಸ್ಪತ್ರೆಯ ಬಾಗಿಲಲ್ಲೇ ಮಡದಿ ಕಾಯುತ್ತಿದ್ದರು. ಡಾಕ್ಟರು ಹೋಗಿರಲಿಲ್ಲ. "ದೂರದಿಂದ ಬರ್ತೀರಿ ಅಂತ ಗೊತ್ತಿತ್ತು, ಬೇರೆಯವರನ್ನ ಮೊದಲು ಮುಗಿಸಿದೆ" ಎಂದು ಅವರು ನಕ್ಕಾಗ ಯಜಮಾನರಿಗೆ ಅವರ ಕಾಲಿಗೆ ಬೀಳುವುದೊಂದು ಬಾಕಿ.

ಮಾರನೆಯ ದಿನ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಮಿಟುಕಿಸಿದರು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ ಗಾಬರಿಯಾದರು.

"ಅಯ್ಯೋ ಅಳಿಯಂದಿರೇ! ತಲೆ ಇಷ್ಟೊಂದು ಬೆಳ್ಳಗಾಗಿದೆಯಲ್ಲಾ! ಯಾವಾಗ?"

"ಈ ಕಾರು ತರಿಸಿದ ಮೇಲೆ ಅತ್ತೆ" ಎಂದು ಯಜಮಾನರು ನಕ್ಕರು. ನಗುತ್ತಲೇ ಅತ್ತರು. ಅವರ ಕರವಸ್ತ್ರ ಸಾಲದೆ ಮಡದಿ ತಮ್ಮದನ್ನೂ ಕೊಟ್ಟರು.

ಎರಡನೆಯ ಕಣ್ಣೂ ಆಗಿ, ಅತ್ತೆ ಸೂಜಿಗೆ ದಾರ ಪೋಣಿಸುವಷ್ಟಾದ ಮೇಲೆ, ಒಂದು ಬೆಳಿಗ್ಗೆ ಭಾವಮೈದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಆಕೆ ಊರಾಚೆಯ ಬಡಾವಣೆಗಳಿಗೆ ಅಂಚೆ ಹಂಚುವವರು. ಕಾರನ್ನು ನೋಡಿದ್ದೇ ಆಕೆಯ ಮುಖ ಅರಳಿತು.

"ಇಂಥದ್ದನ್ನೇ ಹುಡುಕ್ತಿದ್ದೆ ಸಾರ್! ಟಪಾಲು ಪೆಟ್ಟಿಗೆಗಳೆಲ್ಲ ರಸ್ತೆಯ ಎಡಗಡೆ. ಇದಾದ್ರೆ ಇಳಿಯೋದೇ ಬೇಡ, ಕೂತಲ್ಲಿಂದಲೇ ಹಾಕ್ಬಹುದು."

"ಭಾವ, ಇವರು ಇದನ್ನ ತಗೋಳ್ತಾರೆ. ನಿಮಗೆ ನಾನು ಆವತ್ತು ಹೇಳಿದ ಗಾಡಿ ಕೊಡ್ತೀನಿ" ಎಂದ ಭಾವಮೈದ. ಕಣ್ಣಲ್ಲಿ ಗೇಲಿ ಇರಲಿಲ್ಲ. ಇಷ್ಟು ದಿನ ಊರೆಲ್ಲ ಅಲೆದು ಇಂಥವರನ್ನೇ ಹುಡುಕಿ ತಂದಿದ್ದಾನೆಂದು ಯಜಮಾನರಿಗೆ ತಿಳಿಯಿತು. ಭಾವಮೈದನ ಬೆನ್ನು ತಟ್ಟಿ ಕೀಲಿಗಾಗಿ ಜೇಬಿಗೆ ಕೈ ಹಾಕಿದರು.

"ಕಾರು ಮಾರೋದಿಲ್ಲ" ಎಂದರು ಬಾಗಿಲಲ್ಲಿ ನಿಂತಿದ್ದ ಮಡದಿ.

"ಯಾಕೇ? ಈ ಕಾರಿಂದ ನಿನಗೆಷ್ಟು ಕಷ್ಟ!"

"ಮದುವೆಯಾದಾಗಿಂದ ನನ್ನನ್ನ ಕೇಳಿ ನೀವು ಒಂದು ಕೆಲಸ ಮಾಡಿದ್ದಿದೆಯಾ? ಗೋಡೆಗೆ ಬಣ್ಣ ಬಳಿಸಿದ್ದು, ಕಿಟಕಿ ಮುಚ್ಚಿಸಿದ್ದು, ಎಲ್ಲಾ ನಿಮ್ಮದೇ. ಈ ಕಾರಲ್ಲಿ ಕೂತ್ರೆ ಮಾತ್ರ ಗೇಟು ದಾಟೋ ಮೊದಲೇ 'ಹೋಗ್ಲಾ? ಹೋಗ್ಲಾ?' ಅಂತೀರಿ. ಕೇಳಿಸ್ಕೊಳ್ಳೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?"

"ಹೌದು, ಮಾರಬೇಡಿ" ಎಂದರು ಒಳಗಿನಿಂದ ಅತ್ತೆ. "ಆದ್ರೆ ಇನ್ನು ಆ ಸೀಟಲ್ಲಿ ನಾನು ಕೂತ್ಕೋತೀನಿ. ಈಗ ನನಗೆ ಬಸ್ಸೂ ಕಾಣುತ್ತೆ, ಮೋಡಾನೂ ಕಾಣುತ್ತೆ."

"ಅದು ನನ್ನ ಸೀಟಮ್ಮಾ!"

ತಾಯಿ ಮಗಳ ವಾದ ಒಳಗೆ ಜೋರಾಯಿತು. ಕಾದು ಸಾಕಾದ ಅಂಚೆಯವರು ಯಜಮಾನರ ಹತ್ತಿರ ಬಂದು, "ನೀವೇ ಒಂದು ಮಾತು ಹೇಳಿಬಿಡಿ ಸಾರ್, ಹೊತ್ತಾಯ್ತು" ಎಂದರು.

ಯಜಮಾನರು ಬಾಯಿ ತೆರೆದರು. ಏನೋ ನೆನಪಾದವರಂತೆ ಬಾಗಿಲಿನತ್ತ ತಿರುಗಿದರು.

"ಹೇಳ್ಲಾ?"

"ಹೇಳಿ" ಎಂದರು ಮಡದಿ.

"ಮಾರಲ್ಲಮ್ಮ" ಎಂದರು ಯಜಮಾನರು. ಹಾಗೆ ಹೇಳಿದಾಗ ಅವರ ಮುಖದಲ್ಲಿದ್ದಷ್ಟು ಸಂತೋಷ ಕಾರು ಬಂದ ದಿನವೂ ಇರಲಿಲ್ಲ.

ಅಂಚೆಯವರು ಚೀಲ ಹೆಗಲಿಗೇರಿಸಿಕೊಂಡು ಭಾವಮೈದನ ಕಡೆ ಕಣ್ಣು ಕೆಂಪಗೆ ಮಾಡಿದರು.

"ಸುಮ್ಮನೆ ಇಷ್ಟು ಹೊತ್ತು ಡ್ರೈವರ್ ಹತ್ರ ಮಾತಾಡಿದ್ನಲ್ಲ! ಯಜಮಾನ್ರು ಆಯಮ್ಮ ಅಂತ ಮೊದಲೇ ಹೇಳಬಾರದಿತ್ತಾ?"